ಕೈ ತಿಂದ ಮೋಟರು

ನಾನು ಒಂದು ಮೋಟರು. ಹತ್ತು ಅಶ್ವಶಕ್ತಿಯವನು, ಮೂರು ಫೇಸಿನವನು, ನಾಲ್ಕು ಮಂದಿ ಗಂಡಸರು ಉಸಿರು ಬಿಗಿಹಿಡಿದು ಎತ್ತಿದರೆ ಮಾತ್ರ ನೆಲ ಬಿಡುವವನು. ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಹೊಟ್ಟೆಗೆ ಹಾಕಿಕೊಳ್ಳುವವನಲ್ಲ. ನನಗಾದ ಅನ್ಯಾಯವನ್ನು ವರ್ಷಗಟ್ಟಲೆ ಕಾಪಾಡಿಟ್ಟುಕೊಂಡಿದ್ದೇನೆ, ಅದಕ್ಕೆ ತುಕ್ಕು ಹಿಡಿಯಲು ಬಿಟ್ಟಿಲ್ಲ. ಈ ಕಥೆ ಕೇಳಿ "ಪಾಪ, ಹೋಗಲಿ ಬಿಡು" ಎನ್ನುವವರಿದ್ದರೆ ಅವರು ಈಗಲೇ ಎದ್ದು ಹೋಗಬಹುದು.

ನಾನು ಹುಟ್ಟಿದ್ದು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ. ಕಾದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಹೊಯ್ದು ನನ್ನ ಮೈ ಮಾಡಿದರು. ಆಮೇಲೆ ಉದ್ದನೆಯ ಬೆಂಚಿನ ಮುಂದೆ ಸಾಲಾಗಿ ಕೂತ ಹೆಂಗಸರ ಬಳಿಗೆ ಕಳಿಸಿದರು. ನನಗೆ ತಂತಿ ಸುತ್ತಿದವಳ ಹೆಸರು ಫಿಲೋಮಿನಾ. ತಾಮ್ರದ ಸುರುಳಿಗಳನ್ನು ನನ್ನ ಒಡಲ ಸಂದುಗಳಲ್ಲಿ ಒಂದೊಂದಾಗಿ ಕೂರಿಸಿ, ಬಿದಿರಿನ ಚಕ್ಕೆಯಿಂದ ಒತ್ತಿ, ದಾರ ಕಟ್ಟಿದಳು. ಕೆಲಸ ಮುಗಿದ ಮೇಲೆ ಅಂಗೈಯಿಂದ ನನ್ನನ್ನು ಎರಡು ಸಲ ತಟ್ಟಿ, "ಹೋಗಪ್ಪಾ, ಯಾರ ಮನೆ ಅನ್ನ ಬೇಯಿಸ್ತೀಯೋ ಬೇಯಿಸು" ಎಂದಳು. ಅಷ್ಟು ಒಳ್ಳೆಯ ಮಾತನ್ನು ನಾನು ಮತ್ತೆ ಕೇಳಿದ್ದು ಎಷ್ಟೋ ವರ್ಷಗಳ ಮೇಲೆ.

ಮೊದಲ ಸಲ ಕರೆಂಟು ಹರಿದಾಗ ನನ್ನ ಗತಿ ಏನೆಂದು ನನಗೆ ತಿಳಿಯಿತು. ಹಸಿರು ಗುಂಡಿ ಒತ್ತಿದರೆ ತಿರುಗಬೇಕು. ಕೆಂಪು ಗುಂಡಿ ಒತ್ತಿದರೆ ನಿಲ್ಲಬೇಕು. ಎರಡು ತಂತಿ ಅದಲು ಬದಲು ಮಾಡಿದರೆ ಹಿಂದುಮುಂದಾಗಿ ತಿರುಗಬೇಕು. ಬೇಡ ಎನ್ನಲು ನನಗೆ ಬಾಯಿಲ್ಲ. ಮನುಷ್ಯರು ಇದನ್ನು ಶಕ್ತಿ ಎಂದು ಕರೆಯುತ್ತಾರೆ!

ರೈಲಿನಲ್ಲಿ ಗದಗಕ್ಕೆ, ಅಲ್ಲಿಂದ ಲಾರಿಯಲ್ಲಿ ಗಜೇಂದ್ರಗಡಕ್ಕೆ ಬಂದೆ. ಆ ಊರಿಗೆ ಕರೆಂಟು ಬಂದು ಆಗ ಮೂರೇ ವರ್ಷವಾಗಿತ್ತು. ನನ್ನನ್ನು ತರಿಸಿದವನು ಹಿಟ್ಟಿನ ಗಿರಣಿಯ ಗುರುಪಾದಪ್ಪ ಸಾವಕಾರ. ನನ್ನನ್ನು ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದರಿಂದ ನಾನು ಅವನನ್ನು ಕೆಳಗಿನಿಂದಲೇ ನೋಡಿದ್ದು. ಕರ್‌ಕರ್ ಎನ್ನುವ ಮೆಟ್ಟು, ಬಿಳಿ ಧೋತರದ ಅಂಚು, ಮೇಲೆಲ್ಲೋ ಒಂದು ಹೊಟ್ಟೆ. ಅವನು ನನಗೆ ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದ. ಹೊಗೆ ಉಗುಳುತ್ತಿದ್ದ ಹಳೆಯ ಎಣ್ಣೆ ಇಂಜಿನ್ನನ್ನು ಹಿತ್ತಲಿಗೆ ಎಸೆದರು. ಅದರ ಪಾಡು ನೋಡಿ ಆ ದಿನ ನನಗೆ ನಗು ಬಂದಿತ್ತು. ಈಗ ಬರುವುದಿಲ್ಲ.

ಅದಕ್ಕೂ ಮೊದಲು ಆ ಊರಿನ ಹೆಂಗಸರು ಕೋಳಿ ಕೂಗುವ ಹೊತ್ತಿಗೆ ಎದ್ದು ಬೀಸುಕಲ್ಲಿನ ಮುಂದೆ ಕೂರುತ್ತಿದ್ದರು. ಇಂಜಿನ್ ಗಿರಣಿ ಕೆಟ್ಟು ನಿಲ್ಲುವುದೇ ಹೆಚ್ಚಾಗಿದ್ದರಿಂದ ಅದನ್ನು ಯಾರೂ ನಂಬಿಕೊಂಡಿರಲಿಲ್ಲ. ನಾನು ಬಂದ ಮೇಲೆ ಬೀಸುಕಲ್ಲುಗಳು ಒಂದೊಂದಾಗಿ ಗೋಡೆಗೆ ಒರಗಿ ಕೂತವು. ಬೆಳಗಿನ ಒಂದೂವರೆ ತಾಸು ಹೆಂಗಸರ ಕೈಗೆ ಮರಳಿ ಬಂತು. ಮೊದಮೊದಲು ಅದನ್ನು ಏನು ಮಾಡಬೇಕೆಂದೇ ಅವರಿಗೆ ತಿಳಿಯಲಿಲ್ಲ. ಗಿರಣಿಯ ಕಟ್ಟೆಯ ಮೇಲೆ ಡಬ್ಬಿಗಳನ್ನು ಸರದಿಗೆ ಇಟ್ಟು, ಕೂತು ಮಾತಾಡಿದರು. ಅತ್ತೆಯರ ಕಿವಿಗೆ ಬೀಳದ ಜಾಗ ಊರಿನಲ್ಲಿ ಅದೊಂದೇ ಆಗಿತ್ತು. ಅಷ್ಟರ ಮಟ್ಟಿಗೆ ನಾನು ಒಳ್ಳೆಯದನ್ನೇ ಮಾಡಿದೆ, ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಆದರೆ ಒಂದು ಮನೆಗೆ ನಾನು ಕೆಟ್ಟದ್ದು ಮಾಡಿದ್ದೆ. ಕೆಳಗಿನ ಓಣಿಯ ಫಕೀರವ್ವ ಮತ್ತು ಅವಳ ತಾಯಿ ಉಳ್ಳವರ ಮನೆಯ ಜೋಳ ಬೀಸಿಕೊಟ್ಟು ಬದುಕುತ್ತಿದ್ದರು. ನಾನು ತಿರುಗಿದ ಮೂರನೆಯ ತಿಂಗಳಿಗೆ ಅವರನ್ನು ಕರೆಯುವವರೇ ಇಲ್ಲದಂತಾಯಿತು. ಇಪ್ಪತ್ತು ದಾಟಿದ ಹುಡುಗಿ, ಒಂದು ಬೆಳಗ್ಗೆ ಸೀದಾ ಗಿರಣಿಯೊಳಗೆ ಬಂದು ಗುರುಪಾದಪ್ಪನ ಮುಂದೆ ನಿಂತಳು.

"ಸಾವಕಾರ್ರ, ಕಲ್ಲಿನ ಕೆಲಸಾನ ನಿಮ್ಮ ಮಿಶಿನ್ ತಿಂತು. ಮಿಶಿನ್ ಕೆಲಸಾನರ ಕೊಡ್ರಿ."

ಅವನು ನಕ್ಕ, ಕೊಟ್ಟ. ಅವಳು ನನ್ನ ಜೊತೆ ಒಂಬತ್ತು ವರ್ಷ ಕೆಲಸ ಮಾಡಿದಳು. ಹಿಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿ, ಇದು ರೊಟ್ಟಿಗೆ ಸರಿ, ಇದು ಇನ್ನೊಂದು ಸಲ ಹೋಗಬೇಕು ಎನ್ನುತ್ತಿದ್ದಳು. ನನ್ನ ಸದ್ದು ಒಂಚೂರು ಬದಲಾದರೂ ಸಾಕು, "ಇದಕ ಗ್ರೀಸ್ ಬೇಕಾಗೇತ್ರಿ, ಹಲ್ಲ ಕಡ್ಯಾಕ ಹತ್ತೇತಿ" ಎಂದು ಸಾವಕಾರನಿಗೆ ಹೇಳುತ್ತಿದ್ದಳು. ನನ್ನ ಅನ್ನ ತಿಂದವರು ಬಹಳ ಮಂದಿ. ನನ್ನ ಸದ್ದು ಕೇಳಿದವಳು ಅವಳೊಬ್ಬಳೇ.

ಇನ್ನು ಪಟ್ಟಾದ ವಿಷಯಕ್ಕೆ ಬರುತ್ತೇನೆ, ಎಲ್ಲವೂ ಇರುವುದು ಅಲ್ಲೇ. ನನ್ನ ಗಾಲಿಗೂ ಬೀಸುವ ಕಲ್ಲಿನ ಗಾಲಿಗೂ ಸುತ್ತಿ ಅಗಲವಾದ ಕ್ಯಾನ್ವಾಸಿನ ಪಟ್ಟಾ ಓಡುತ್ತಿತ್ತು. ಅದರ ಸುತ್ತ ಕಬ್ಬಿಣದ ಜಾಳಿಗೆ ಇತ್ತು. ನನ್ನ ಜೊತೆಗೇ ಬಂದದ್ದು, ಯಾರ ಕೈಯೂ ಸಿಗಬಾರದೆಂದು ಮಾಡಿದ್ದು. ಜಾರದಿರಲೆಂದು ಅಂಟು ರಾಳ ಹಚ್ಚಿದರೂ ಹಿಟ್ಟಿನ ಧೂಳಿಗೆ ಪಟ್ಟಾ ಜಾರಿ ಆಗಾಗ ಬೀಳುತ್ತಿತ್ತು. ಬಿದ್ದಾಗಲೆಲ್ಲ ನನ್ನನ್ನು ನಿಲ್ಲಿಸಿ, ಜಾಳಿಗೆಯ ಬೋಲ್ಟು ಬಿಚ್ಚಿ, ಪಟ್ಟಾ ಏರಿಸಿ, ಮತ್ತೆ ಬೋಲ್ಟು ಹಾಕಿ, ನನ್ನನ್ನು ಎಬ್ಬಿಸಬೇಕು. ನಿಂತವನು ಏಳುವಾಗ ನಾನು ಕರೆಂಟು ಜಾಸ್ತಿ ಎಳೆಯುತ್ತೇನೆ, ಅದು ನನ್ನ ಹುಟ್ಟುಗುಣ. ಒಮ್ಮೊಮ್ಮೆ ಕಂಬದ ಫ್ಯೂಜು ಹೋಗುತ್ತಿತ್ತು. ಆಗ ಲೈನ್‌ಮನ್‌ನನ್ನು ಹುಡುಕಿ ತರುವಷ್ಟರಲ್ಲಿ ಮೂರು ಫೇಸಿನ ಕರೆಂಟಿನ ಹೊತ್ತೇ ಮುಗಿದಿರುತ್ತಿತ್ತು.

ಗುರುಪಾದಪ್ಪ ಇದಕ್ಕೊಂದು ಉಪಾಯ ಕಂಡುಕೊಂಡ. ನನ್ನನ್ನು ನಿಲ್ಲಿಸುವುದೇ ಬೇಡ, ನಾನು ತಿರುಗುತ್ತಿರುವಾಗಲೇ ಕೈಯಿಂದ ಪಟ್ಟಾ ಒತ್ತಿ ಏರಿಸುವುದು. ಅದಕ್ಕೆ ಜಾಳಿಗೆ ಅಡ್ಡವಾಯಿತು. ಅದನ್ನು ಬಿಚ್ಚಿಸಿ ಮನೆಗೆ ಒಯ್ದು, ಹಿತ್ತಲಲ್ಲಿ ಹೊಸದಾಗಿ ನೆಟ್ಟ ಕರಿಬೇವಿನ ಗಿಡಕ್ಕೆ ಆಡು ಬಾಯಿ ಹಾಕದಂತೆ ಬೇಲಿ ಮಾಡಿದ. ಗಿಡ ಚೆನ್ನಾಗಿ ಬೆಳೆಯಿತು. ಪಟ್ಟಾ ಏರಿಸುವುದನ್ನು ಅವನೇ ಫಕೀರವ್ವನಿಗೆ ಕಲಿಸಿದ. "ಎಮ್ಮಿ ಕೊಳ್ಳಿಗೆ ಹಗ್ಗಾ ಹಾಕಿದಂಗ, ಅಷ್ಟ" ಎನ್ನುತ್ತಿದ್ದ. ಕಲಿಸಿದ ಮೇಲೆ ತಾನು ಮಾತ್ರ ಒಂದು ದಿನವೂ ಮುಟ್ಟಲಿಲ್ಲ.

ಎಳ್ಳಮಾಸಿ ಹಬ್ಬಕ್ಕೆ ಎರಡು ದಿನವಿತ್ತು. ಸಜ್ಜೆ, ಜೋಳ, ಕಡಲೆ ಎಂದು ಡಬ್ಬಿಗಳು ಬಾಗಿಲಿನಿಂದ ಬೀದಿಯವರೆಗೆ ಸಾಲು ಹಿಡಿದಿದ್ದವು. ಹೆಂಗಸರು ಧೂಳಿಗೆ ಬೇಸತ್ತು ಹೊರಗೆ ಕಟ್ಟೆಯ ಮೇಲಿದ್ದರು. ಒಳಗೆ ಇದ್ದವರು ನಾವು ಮೂವರೇ. ಪಟ್ಟಾ ಬಿತ್ತು. ಫಕೀರವ್ವ ಕೆಂಪು ಗುಂಡಿಯ ಕಡೆ ಕೈ ಚಾಚಿದಳು.

"ಏ, ಒತ್ತಬ್ಯಾಡ! ಫ್ಯೂಜ್ ಹೋದ್ರ ಇವತ್ತ ನಾ ಯಾರ ಕಾಲ ಹಿಡೀಲಿ? ಹಂಗ ಏರಸಬೇ."

"ಪಟ್ಟಾಕ ರಾಳ ಜಾಸ್ತಿ ಬಿದ್ದೈತ್ರಿ ಸಾವಕಾರ್ರ. ಕೈಗೆ ಅಂಟಾಕತ್ತೇತಿ. ಒಂದ ಗಳಿಗಿ ನಿಂದ್ರಸ್ತೇನ್ರಿ."

"ದಿನಾ ಏರಸಾಕಿ, ಇವತ್ತೇನ ನಾಟಕಾ? ಹೊರಗ ಮಂದಿ ಕಾಯಾಕತ್ತೈತಿ, ಏರಸು."

ಅವಳು ಏರಿಸಿದಳು. ಅಂಟಿದ ಪಟ್ಟಾ ಅವಳ ಬಲಗೈಯನ್ನು ಬಿಡಲಿಲ್ಲ. ಹೆಬ್ಬೆರಳು ಕಿರುಬೆರಳು ಉಳಿದವು, ನಡುವಿನ ಮೂರೂ ನನ್ನ ಗಾಲಿಯ ಕೆಳಗೆ ಹೋದವು. ನಾನು ನಿಲ್ಲಲು ಒದ್ದಾಡಿದೆ. ನಿಲ್ಲಲಾಗಲಿಲ್ಲ, ನನ್ನ ಗುಂಡಿ ನನ್ನ ಬಳಿ ಇರಲಿಲ್ಲ. ಆಗ ಗುರುಪಾದಪ್ಪ ಓಡಿ ಬಂದು ಕೆಂಪು ಗುಂಡಿ ಒತ್ತಿದ. ಸಂಜೆ ಗಾಲಿ ತೊಳೆಸಿ ನನ್ನನ್ನು ಮತ್ತೆ ಎಬ್ಬಿಸಿದ. ಫ್ಯೂಜು ಹೋಗಲಿಲ್ಲ.

ಮೂರನೆಯ ದಿನ ತಪಾಸಣೆಗೆ ಒಬ್ಬ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ಅಂದು ಬೆಳಗ್ಗೆ ಜಾಳಿಗೆ ಕರಿಬೇವಿನ ಗಿಡ ಬಿಟ್ಟು ನನ್ನ ಬಳಿ ಓಡಿ ಬಂತು. ಅವಸರದಲ್ಲಿ ಬೋಲ್ಟು ಬಿಗಿದರು. ಅದರ ಕಾಲಿಗೆ ಇನ್ನೂ ಹಸಿ ಮಣ್ಣು ಮೆತ್ತಿಕೊಂಡಿತ್ತು, ಒಂದೆರಡು ಎಲೆಯೂ ಸಿಕ್ಕಿಕೊಂಡಿದ್ದವು. ಸಾಹೇಬರು ಬಗ್ಗಿ ನೋಡುವವರಲ್ಲ. ಚಹಾ ಕುಡಿಯುತ್ತ ಗುರುಪಾದಪ್ಪ ಹೇಳಿದ್ದನ್ನು ಬರೆದುಕೊಂಡರು.

"ಜಾಳಗಿ ಬಿಚ್ಚಿ ಕೈ ಹಾಕ್ಯಾಳ್ರಿ ಸಾಹೇಬ್ರ. ಬ್ಯಾಡಂದ್ರೂ ಕೇಳೂದಿಲ್ಲ. ನಿದ್ದಿಗಣ್ಣಾಗ ಬರ್ತಾಳ, ಸೆರಗ ಸಂಬಾಳಸಾಕೂ ಬರೂದಿಲ್ಲ."

ಅಂದು ಸಂಜೆಯೇ ಆಡುಗಳು ಕರಿಬೇವಿನ ಗಿಡವನ್ನು ಬುಡಸಮೇತ ತಿಂದವಂತೆ. ಆ ಆಡುಗಳ ಹೊಟ್ಟೆ ತಣ್ಣಗಿರಲಿ.

ಊರಿಗೆ ಅವನು ಇನ್ನೊಂದು ಕಥೆ ಹೇಳಿದ. ಹೆಂಗಸರು ಹೆದರಿ ಗಿರಣಿಗೆ ಬರುವುದು ಕಡಿಮೆಯಾದಾಗ, ತಪ್ಪು ಮೋಟರಿನದು, ಇದಕ್ಕೆ ಬಲಿ ಬೇಕಿತ್ತು, ತಾನೇ ಕೈ ಎಳೆದುಕೊಂಡಿತು ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನನ್ನ ಮುಂದೆ ಬೂದುಗುಂಬಳ ಒಡೆದರು. ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಅಂದಿನಿಂದ ನನಗೆ "ಕೈ ತಿಂದ ಮೋಟರ್" ಎಂದು ಹೆಸರಾಯಿತು. ಅನ್ನ ತಿನ್ನದ ಮಕ್ಕಳನ್ನು ತಾಯಂದಿರು ನನ್ನ ಹೆಸರು ಹೇಳಿ ಹೆದರಿಸಿದರು.

ಎರಡು ತಿಂಗಳ ಮೇಲೆ ಫಕೀರವ್ವ ಕೈಗೆ ಬಟ್ಟೆ ಸುತ್ತಿಕೊಂಡು ಬಂದಳು. ಅಳಲಿಲ್ಲ.

"ನಂಗ ಏನೂ ಕೊಡಬ್ಯಾಡ್ರಿ. ನೀವ ಏರಸಂದ್ರಿ ಅಂತ ನಾಕ ಮಂದಿ ಮುಂದ ಒಂದ ಮಾತ ಹೇಳ್ರಿ ಸಾಕು. ಕೈ ಹೋದಾಕಿ ಅಂದ್ರೂ ತಾಳತೇನಿ. ಕೆಲಸಗೇಡಿ ಅಂದ್ರ ತಾಳಾಕ ಆಗೂದಿಲ್ರಿ. ಯಾರೂ ಒಂದ ಕಸಾ ಹೊಡಿಯೂ ಕೆಲಸಾನೂ ಕೊಡವಲ್ಲರು."

"ನಾ ಯಾವಾಗ ಅಂದ್ನಿ?" ಎಂದ ಗುರುಪಾದಪ್ಪ. ಕರ್‌ಕರ್ ಮೆಟ್ಟು ಒಳಗೆ ಹೋಯಿತು.

ಅವಳು ಬಟ್ಟೆ ಸುತ್ತಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟಳು. ಆ ಹೊತ್ತಿನಲ್ಲಿ ನಾನು ಆಣೆ ಇಟ್ಟುಕೊಂಡೆ. ಎಂದಾದರೂ ಒಂದು ದಿನ ಇವನ ಬಲಗೈ ನನ್ನ ಹತ್ತಿರ ಬರಬೇಕು. ಮೂರೇ ಬೆರಳು, ಹೆಚ್ಚು ಬೇಡ. ಸಾಹೇಬರು ಹೋದ ವಾರಕ್ಕೇ ಅವನು ಜಾಳಿಗೆಯನ್ನು ಮತ್ತೆ ಬಿಚ್ಚಿಸಿದ್ದ. ಆಮೇಲೆ ಪ್ರತಿ ಸಲ ಪಟ್ಟಾ ಬಿದ್ದಾಗಲೂ ನಾನು ಕಾದೆ. ಅವನು ಬೇರೆಯವರನ್ನೇ ಕರೆಯುತ್ತಿದ್ದ. ಅವರ ಕೈಗೆ ಏನೂ ಆಗದಿರಲೆಂದು ಒಂದು ಕಡೆ, ಇವನ ಕೈ ಸಿಗಲಿ ಎಂದು ಇನ್ನೊಂದು ಕಡೆ, ಹೀಗೆ ಎರಡೆರಡು ಹರಕೆ ಹೊತ್ತು ತಿರುಗಿದೆ. ಒಂದು ವರ್ಷದ ಮೇಲೆ ಅವನು ಹೊಸ ಮೋಟರು ತರಿಸಿ ನನ್ನನ್ನು ಮಾರಿಬಿಟ್ಟ. ಗಾಡಿಗೆ ಹೇರುವಾಗಲೂ ಅವನು ಮುಟ್ಟಲಿಲ್ಲ, ದೂರ ನಿಂತು ಬೆರಳು ತೋರಿಸಿದ. ಆ ಬೆರಳನ್ನು ನಾನು ಚೆನ್ನಾಗಿ ನೋಡಿಕೊಂಡೆ.

ನನ್ನನ್ನು ಕೊಂಡವನು ರೋಣದ ಕಡೆಯ ಒಬ್ಬ ಗೌಡ. ಅವನ ಬಾವಿಯ ಮೇಲೆ ಹನ್ನೆರಡು ವರ್ಷ ನೀರೆತ್ತಿದೆ. ಒಂದೇ ಬೆಳೆ ಕಾಣುತ್ತಿದ್ದ ಎರೆಹೊಲ ಎರಡು ಬೆಳೆ ಕಂಡಿತು. ಮೊದಲು ಬಾವಿಯ ನೀರೆತ್ತಲು ಕಪ್ಪಲಿ ಎಳೆಯುತ್ತಿದ್ದ ಎತ್ತುಗಳು ನೆರಳಲ್ಲಿ ಮಲಗಿ ಮೆಲುಕು ಹಾಕುತ್ತ ನನ್ನನ್ನೇ ನೋಡುತ್ತಿದ್ದವು. ಈ ಹೊತ್ತಿಗೆ ನನ್ನ ಕುಲವೂ ಎಲ್ಲೆಲ್ಲೂ ಹಬ್ಬಿತ್ತು. ಗೌಡನ ಮನೆಯ ಮಾಳಿಗೆಗೆ ಫ್ಯಾನು ಬಂತು, ಅಡುಗೆಮನೆಗೆ ಮಿಕ್ಸರು ಬಂತು. ಎಲ್ಲವೂ ನನ್ನ ತಮ್ಮಂದಿರು, ಚಿಕ್ಕವರು, ಒಳ್ಳೆಯ ಹೆಸರಿನವರು. ನನಗೆ ಮಾತ್ರ ಗೌಡ ಹಳೆಯ ಚಪ್ಪಲಿ ಕಟ್ಟಿದ್ದ. ಹೆಸರು ನನಗಿಂತ ಮೊದಲೇ ಆ ಊರು ಮುಟ್ಟಿತ್ತು. ಇಷ್ಟು ನೀರು ಕುಡಿಸಿದ ಮೇಲೂ ಮಕ್ಕಳು ನನ್ನ ಗುಡಿಸಲ ಮುಂದೆ ಓಡಿ ದಾಟುತ್ತಿದ್ದರು. ಪ್ರತಿ ಸಲವೂ ನಾನು ಗುರುಪಾದಪ್ಪನನ್ನು ನೆನೆಸಿಕೊಳ್ಳುತ್ತಿದ್ದೆ.

ಒಂದು ಬೇಸಿಗೆ ಕಂಬದಲ್ಲಿ ಒಂದು ತಂತಿ ಕಡಿದು, ಮೂರು ಫೇಸಿನಲ್ಲಿ ಎರಡೇ ಉಳಿದವು. ಗೌಡ ಗಮನಿಸಲಿಲ್ಲ. ನಾನು ಎರಡೇ ಕಾಲಲ್ಲಿ ಓಡುವವನಂತೆ ಗೋಳಿಟ್ಟು ಓಡಿ ಒಳಗಿಂದ ಸುಟ್ಟುಹೋದೆ. ಫಿಲೋಮಿನಾ ಸುತ್ತಿದ ತಾಮ್ರ ಕರಕಾಯಿತು. ನನ್ನನ್ನು ಚಕ್ಕಡಿಯಲ್ಲಿ ಹಾಕಿ ಮತ್ತೆ ಗಜೇಂದ್ರಗಡಕ್ಕೆ ತಂದು, ರಾಜೇಸಾಬನ ಅಂಗಡಿಯಲ್ಲಿ ಇಳಿಸಿದರು. ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಅದು.

ನನ್ನ ಹೊದಿಕೆ ಬಿಚ್ಚಲು ಬಂದ ಕೈ ನೋಡಿದೆ. ಹೆಬ್ಬೆರಳು, ಕಿರುಬೆರಳು. ನಡುವೆ ಏನೂ ಇಲ್ಲ.

ಊರೆಲ್ಲ ಬಾಗಿಲು ಹಾಕಿದಾಗ ಅವಳಿಗೆ ಕೆಲಸ ಕೊಟ್ಟವನು ರಾಜೇಸಾಬನಂತೆ. ಮೊದಲು ಸುಟ್ಟ ತಂತಿ ಕಿತ್ತು ತೆಗೆಯುವ ಕೆಲಸ, ಆಮೇಲೆ ಎಣಿಸುವುದು, ಆಮೇಲೆ ಸುತ್ತುವುದು. ಎಡಗೈಯಿಂದ ತಂತಿ ಎಳೆದು, ಬಲಗೈಯ ಎರಡು ಬೆರಳಿನ ಇಕ್ಕಳದಲ್ಲಿ ಹಿಡಿದು ಕೂರಿಸುವುದನ್ನು ಅವಳು ಕಲಿತಿದ್ದಳು. ಅವಳು ನನ್ನ ಮೈಮೇಲಿನ ತಗಡಿನ ಪಟ್ಟಿಯನ್ನು ಒರೆಸಿದಳು. ನಂಬರು ಓದಿದಳು. ಹಾಗೆಯೇ ಕುಕ್ಕರಗಾಲಲ್ಲಿ ಕೂತಳು. ಬೆಂಚಿನ ಮೇಲೆ ದೊಡ್ಡ ಸುತ್ತಿಗೆ ಇತ್ತು. ಬಂತು ನನ್ನ ಕಾಲ, ಒಡೆಯಲಿ, ಅವಳಿಗೆ ಆ ಹಕ್ಕಿದೆ ಎಂದುಕೊಂಡೆ.

ರಾಜೇಸಾಬ ಕನ್ನಡಕದ ಮೇಲಿಂದ ನೋಡಿ ಕೇಳಿದ, "ಯವ್ವಾ, ಇದು ಅದ ಅಲ್ಲಾ?"

"ಅದರೀ ಕಾಕಾ."

"ಬ್ಯಾಡಾದ್ರ ಬಿಡು. ಗುಜರಿಗೆ ಹಾಕೂಣು."

ಅವಳು ಆ ಎರಡು ಬೆರಳಿನಿಂದ ನನ್ನ ಗಾಲಿ ಕೂರುವ ಅಚ್ಚನ್ನು ಒಮ್ಮೆ ತಿರುಗಿಸಿದಳು. "ಇದೇನ ಮಾಡೇತ್ರಿ? ಒತ್ತಿದ್ರ ತಿರಗತೈತಿ. ಒತ್ತಿದವ್ರನ್ನ ಕೇಳಬೇಕಲ್ಲ."

ಇಷ್ಟು ವರ್ಷಗಳಲ್ಲಿ ಈ ಮಾತನ್ನು ಹೇಳಿದವರು ಯಾರೂ ಇರಲಿಲ್ಲ. ನನಗೆ ಕಣ್ಣೀರಿದ್ದಿದ್ದರೆ ಅತ್ತುಬಿಡುತ್ತಿದ್ದೆ. ನಾಲ್ಕು ದಿನ ಕೂತು ಅವಳು ನನಗೆ ಹೊಸ ತಾಮ್ರ ಸುತ್ತಿದಳು. ನಾನು ಎರಡನೆಯ ಸಲ ಹುಟ್ಟಿದೆ. ಎರಡು ಸಲವೂ ಹೆಣ್ಣಿನ ಕೈಯಲ್ಲೇ.

ಗೌಡ ಅಷ್ಟರಲ್ಲಿ ಬೋರು ಹಾಕಿಸಿ ನೀರೊಳಗಿಳಿಯುವ ಹೊಸ ಪಂಪು ತಂದಿದ್ದರಿಂದ ನನ್ನನ್ನು ಕೇಳಲು ಬರಲೇ ಇಲ್ಲ. ರಾಜೇಸಾಬ ಮುದುಕನಾಗಿ ಕಣ್ಣು ಮಂಜಾದಾಗ ಅಂಗಡಿಯನ್ನು ಫಕೀರವ್ವನಿಗೆ ಬಿಟ್ಟುಕೊಟ್ಟ. ಅವಳು ಅಂಗಡಿಯ ಮುಂಭಾಗದಲ್ಲಿ ನನ್ನನ್ನೇ ಕೂರಿಸಿ ಗಿರಣಿ ಹೂಡಿದಳು. ಕಲ್ಲು ಬರುವುದಕ್ಕೂ ಮೊದಲು ಅವಳು ಮಾಡಿಸಿದ್ದು ಜಾಳಿಗೆಯನ್ನು. ಪಟ್ಟಾ ಬಿದ್ದರೆ ಕೆಂಪು ಗುಂಡಿ ಒತ್ತಿ, ನಾನು ಪೂರ್ತಿ ನಿಲ್ಲುವವರೆಗೆ ಕಾದು, ಆಮೇಲೆ ಬೋಲ್ಟಿಗೆ ಕೈ ಹಾಕುತ್ತಿದ್ದಳು. ಹೊತ್ತಾಯಿತೆಂದು ಸಾಲಿನಲ್ಲಿ ಗೊಣಗಿದವರಿಗೆ, "ನಿಂದರ್ರೆವಾ. ಬೆರಳ ಏನ ಕಾಳಲ್ಲ, ಬಿತ್ತಿದ್ರ ಬೆಳಿಯಾಕ" ಎನ್ನುತ್ತಿದ್ದಳು.

ಆದರೂ ಊರಿನ ಅರ್ಧ ಮಂದಿ ಗುರುಪಾದಪ್ಪನ ಗಿರಣಿಗೇ ಹೋಗುತ್ತಿದ್ದರು. ಕೈ ತಿಂದ ಮೋಟರು, ಕೈ ಕೊಟ್ಟ ಕೆಲಸಗೇಡಿ, ಒಳ್ಳೆಯ ಜೋಡಿ ಎಂದು ನಗುತ್ತಿದ್ದರು. ಅದು ಅವಳ ಕಿವಿಗೂ ಬೀಳುತ್ತಿತ್ತು. ಅವಳು ನನ್ನ ಮೇಲಿನ ಹಿಟ್ಟನ್ನು ಮಾತ್ರ ಇನ್ನಷ್ಟು ಜೋರಾಗಿ ಒರೆಸುತ್ತಿದ್ದಳು.

ಆಮೇಲೆ ಆ ನಾಗರಪಂಚಮಿ ಬಂತು. ಹಬ್ಬಕ್ಕೆ ಐದು ದಿನವಿದೆ, ಮನೆಮನೆಯಲ್ಲೂ ಜೋಳದ ಅರಳಿನ ಅಳ್ಳಿಟ್ಟಿಗೆ, ಉಂಡಿಗೆ ಬೀಸಿಸಬೇಕು. ಆಗಲೇ ಗುರುಪಾದಪ್ಪನ ಮೋಟರು ಸುಟ್ಟಿತು. ಗದಗಕ್ಕೆ ಒಯ್ದರೆ ಹಬ್ಬ ಮುಗಿದ ಮೇಲೆಯೇ ಕೈಗೆ ಸಿಗುವುದು. ಊರಲ್ಲಿ ಇದ್ದದ್ದು ಒಂದೇ ಅಂಗಡಿ. ಕೈಗಾಡಿಯ ಹಿಂದೆ ಕರ್‌ಕರ್ ಮೆಟ್ಟು ಬರುವುದನ್ನು ನಾನು ನೆಲದಿಂದಲೇ ಗುರುತಿಸಿದೆ. ಮೆಟ್ಟಿನ ಜೊತೆಗೆ ಈಗ ಊರುಗೋಲೂ ಇತ್ತು.

"ಏನವಾ ಫಕೀರವ್ವಾ, ಆರಾಮ ಅದಿ?" ಎಂದ, ನಿನ್ನೆ ಮೊನ್ನೆ ಮಾತಾಡಿ ಹೋದವನ ಹಾಗೆ.

"ಇಡ್ರಿ. ನಾಡದ ಮಧ್ಯಾಹ್ನ ಬಂದ ಒಯ್ಯಿರಿ."

ಆ ಎರಡು ದಿನ ನಾನು ಅವಳಿಗೆ ಮನಸ್ಸಿನಲ್ಲೇ ಹೇಳಿದ್ದೇ ಹೇಳಿದ್ದು. ಒಂದು ಸುರುಳಿ ಸಡಿಲ ಬಿಡು. ಒಂದು ಕಡೆ ವಾರ್ನಿಶ್ ಹಚ್ಚಬೇಡ. ಹಬ್ಬದ ಹಿಂದಿನ ದಿನ ಸುಟ್ಟು ಬೂದಿಯಾಗಲಿ, ಅವನ ಗಿರಣಿಯ ಸೂರಿಗೂ ಹತ್ತಲಿ. ಅವಳು ಕೇಳಲಿಲ್ಲ. ಒಂದೊಂದು ಸುತ್ತನ್ನೂ ಎಣಿಸಿ, ಒತ್ತಿ, ದಾರ ಕಟ್ಟಿ, ಮದುಮಗನಿಗೆ ಬಾಸಿಂಗ ಕಟ್ಟುವವಳಂತೆ ಆ ಮೋಟರನ್ನು ಅಣಿ ಮಾಡಿದಳು. ನನಗೆ ಅವಳ ಮೇಲೇ ಸಿಟ್ಟು ಬಂತು. ಈಕೆಯೂ ಹೊಟ್ಟೆಗೆ ಹಾಕಿಕೊಂಡಳಲ್ಲ ಎಂದುಕೊಂಡೆ.

ಮೂರನೆಯ ದಿನ ಮಧ್ಯಾಹ್ನ ಅವನು ಬರುವ ಹೊತ್ತಿಗೆ ಸರಿಯಾಗಿ ಅವಳು ಬೋಲ್ಟು ಬಿಚ್ಚುವ ಪಾನ ಹಿಡಿದು ನನ್ನ ಬಳಿ ಬಂದಳು. ಜಾಳಿಗೆಯ ನಾಲ್ಕೂ ಬೋಲ್ಟು ಬಿಚ್ಚಿ ಅದನ್ನು ಗೋಡೆಗೆ ಆನಿಸಿಟ್ಟಳು. ಈ ಗಿರಣಿ ಶುರುವಾದಂದಿನಿಂದ ನಾನು ತಿರುಗುವಾಗ ಜಾಳಿಗೆ ಇಲ್ಲದೆ ಇದ್ದದ್ದು ಅದೇ ಮೊದಲು. ಆಮೇಲೆ ನನ್ನನ್ನು ಚಾಲೂ ಮಾಡಿದಳು. ನನ್ನ ಒಂದೊಂದು ಸುರುಳಿಗೂ ಅರ್ಥವಾಯಿತು. ಇವತ್ತು! ಇವತ್ತೇ!

ಹದಿನೈದು ಹೆಂಗಸರು ಡಬ್ಬಿ ಹಿಡಿದು ಒಳಗೇ ನಿಂತಿದ್ದರು, ಹೊರಗೆ ಮಳೆ ಹನಿಯುತ್ತಿತ್ತು. ಗುರುಪಾದಪ್ಪ ಬಂದ. ತನ್ನ ಮೋಟರನ್ನು ತಡವಿ ನೋಡಿ, "ಚೊಲೋ ಮಾಡೀಯವಾ" ಎಂದ. ಫಕೀರವ್ವ ಒಂದು ಬಡಿಗೆಯಿಂದ ನನ್ನ ಪಟ್ಟಾವನ್ನು ತಟ್ಟಿದಳು. ಅದು ಜಾರಿ ಕೆಳಗೆ ಬಿತ್ತು. ನಾನು ಬರಿದೇ ಗಾಲಿ ತಿರುಗಿಸುತ್ತ ಗುಂಯ್‌ಗುಡುತ್ತಿದ್ದೆ.

"ಸಾವಕಾರ್ರ, ಆ ಪಟ್ಟಾ ಒಂಚೂರ ಏರಸ್ರಿ. ನನ್ನ ಕೈ ನೋಡ್ರಿ ಹೆಂಗೈತಿ."

ಅವನು ಹೆಂಗಸರ ಕಡೆ ನೋಡಿ ನಕ್ಕ. "ಬಂದ್ ಮಾಡು, ಏರಸೂಣು."

"ಬಂದ್ ಯಾಕ್ರಿ? ಎಮ್ಮಿ ಕೊಳ್ಳಿಗೆ ಹಗ್ಗಾ ಹಾಕಿದಂಗ ಅಂತ ನೀವ ಕಲಿಸಿದ್ದಲ್ರಿ. ಹಂಗ ಏರಸ್ರಿ. ಹೊರಗ ಮಂದಿ ಕಾಯಾಕತ್ತೈತಿ."

ಹದಿನೈದು ಜೊತೆ ಕಣ್ಣು ಅವನ ಮೇಲೆ. ಅವನು ಊರುಗೋಲನ್ನು ಗೋಡೆಗಿಟ್ಟು, ಬಗ್ಗಿ, ಪಟ್ಟಾದ ಅಂಚು ಹಿಡಿದ. ಬಲಗೈ. ನನ್ನ ಗಾಲಿಗೂ ಅವನ ಬೆರಳಿಗೂ ಒಂದು ಗೇಣು ಉಳಿದಿತ್ತು. ಬಾ, ಎಂದೆ. ಬಾರೋ, ಇನ್ನೊಂದು ಗೇಣು. ಎಷ್ಟು ವರ್ಷ ಕಾದಿದ್ದೇನೆ ಗೊತ್ತೇ? ನನ್ನ ಗಾಳಿ ಅವನ ಉಗುರಿಗೆ ತಾಗುತ್ತಿತ್ತು. ಫಕೀರವ್ವನ ಎಡಗೈ ಕೆಂಪು ಗುಂಡಿಯ ಮೇಲಿತ್ತು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಅವನ ಬಾಯಿಯನ್ನು ನೋಡುತ್ತಿದ್ದಳು.

ಅವನು ಕೈ ಕಿತ್ತುಕೊಂಡು ಹಿಂದೆ ಸರಿದ.

"ಹುಚ್ಚಿ ಅದೀಯೇನ? ಚಾಲೂ ಇದ್ದ ಮೋಟರಿಗೆ ಯಾರರ ಕೈ ಹಾಕ್ತಾರೇನ? ಬೆರಳ ಹೋಗ್ತಾವ!"

ಅವಳು ಗುಂಡಿ ಒತ್ತಿದಳು. ನನಗೆ ನಿಲ್ಲುವ ಮನಸ್ಸಿರಲಿಲ್ಲ, ಎಷ್ಟು ಹೊತ್ತು ಸಾಧ್ಯವೋ ಅಷ್ಟು ಹೊತ್ತು ಉಳಿದ ಓಟದಲ್ಲೇ ತಿರುಗಿದೆ. ಕಡೆಗೆ ನಿಂತೆ. ಆ ಸದ್ದಿಲ್ಲದ ಗಿರಣಿಯಲ್ಲಿ ಅವಳ ಮಾತು ಮೂಲೆಮೂಲೆಗೂ ಕೇಳಿತು.

"ಅಂದ ಯಾಕ ಹಿಂಗನ್ನಲಿಲ್ರಿ?"

ಸಾಲಿನಲ್ಲಿ ಮುಂದೆ ಇದ್ದ ಬಸಲಿಂಗವ್ವ ತಲೆಯ ಮೇಲಿನ ಡಬ್ಬಿ ಕೆಳಗಿಟ್ಟಳು. ವಯಸ್ಸಾದವಳು, ಇಷ್ಟು ವರ್ಷ ಗುರುಪಾದಪ್ಪನ ಗಿರಣಿಗೇ ಹೋದವಳು. "ಸಾವಕಾರ್ರ, ಹಂಗಾದ್ರ ಅವತ್ತ ಈಕೀಗೆ ಏರಸಂದಾವ್ರು ನೀವ ಏನ್ರಿ? ಈಕಿ ತಾನ ಜಾಳಗಿ ಬಿಚ್ಚಿದ್ಲು ಅಂದಿದ್ರಲ್ಲ?"

"ಆಗಿನ ಕಾಲ ಬ್ಯಾರೇ ಇತ್ತವಾ" ಎಂದ ಅವನು, ಬೆವರು ಒರೆಸುತ್ತ. "ಬಂದ್ ಮಾಡಿದ್ರ ಫ್ಯೂಜ್ ಹೋಗತಿತ್ತು. ಜಾಳಗಿ ಇಟಗೊಂಡ್ರ ಕೆಲಸಾ ಸಾಗತಿದ್ದಿಲ್ಲ. ಅದಕ ಏರಸು ಅಂದ್ನಿ. ಹಿಂಗ ಆಕ್ಕೈತಿ ಅಂತ ನಂಗೇನ ಕನಸ ಬಿದ್ದಿತ್ತೇನ?"

ಹೇಳಿ ಮುಗಿಸಿದ ಮೇಲೆಯೇ ತಾನು ಹೇಳಿದ್ದೇನೆಂದು ಅವನಿಗೆ ಗೊತ್ತಾದದ್ದು. ನಾಲ್ಕು ಮಂದಿಯ ಮುಂದೆ ಎಂದು ಅವಳು ಕೇಳಿದ್ದಳು, ಹದಿನೈದು ಮಂದಿ ಇದ್ದರು. ಅವನು ಊರುಗೋಲಿಗೆ ಕೈ ಚಾಚಿದ, ಅದು ಜಾರಿ ನೆಲಕ್ಕೆ ಬಿತ್ತು. ಯಾರೂ ಎತ್ತಿಕೊಡಲಿಲ್ಲ. ಬಗ್ಗಿ ತಾನೇ ತೆಗೆದುಕೊಂಡು, ಹೆಂಗಸರು ಬಿಟ್ಟ ದಾರಿಯಲ್ಲಿ ತಲೆ ತಗ್ಗಿಸಿ ಹೋದ. ಹಿಂದೆ ಕೈಗಾಡಿಯಲ್ಲಿ ಅವನ ಮೋಟರು ಹೋಯಿತು. ಫಕೀರವ್ವ ಜಾಳಿಗೆ ಎತ್ತಿ ಕೂರಿಸಿ, ನಾಲ್ಕು ಬೋಲ್ಟೂ ಬಿಗಿದು, "ಯಾರದ್ರೆವಾ ಸರದಿ?" ಎಂದಳು. ಬಸಲಿಂಗವ್ವ ಅವಳ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಗ ಅವಳು ಅತ್ತಳು. ಕೈ ಹೋದಂದು ಅಳದವಳು.

ಸಂಜೆಯೊಳಗೆ ಹದಿನೈದು ಡಬ್ಬಿ ಹಿಟ್ಟಿನ ಜೊತೆ ಹದಿನೈದು ಓಣಿಗೆ ಸುದ್ದಿಯೂ ಹೋಯಿತು. ಹಬ್ಬಕ್ಕೆ ಗುರುಪಾದಪ್ಪನ ಮೋಟರು ಒಳ್ಳೆಯ ಸ್ಥಿತಿಯಲ್ಲಿ ಸಿದ್ಧವಿತ್ತು, ಬೀಸಿಸುವವರು ಬರಲಿಲ್ಲ. ಹಬ್ಬದ ಮೇಲೂ ಬರಲಿಲ್ಲ. ಎರಡು ವರ್ಷದಲ್ಲಿ ಅವನ ಗಿರಣಿಗೆ ಬೀಗ ಬಿತ್ತು. ಆಮೇಲೆ ಅವನ ಮನೆಯ ಜೋಳವೂ ನಮ್ಮಲ್ಲಿಗೇ ಬರುತ್ತಿತ್ತು. ಅದನ್ನು ಅವಳು ಎಲ್ಲರದಂತೆಯೇ ನಯವಾಗಿ ಬೀಸಿ ಕೊಡುತ್ತಿದ್ದಳು. ನಾನು ಮಾತ್ರ ಅವನ ಡಬ್ಬಿ ಬಂದಾಗ ಸ್ವಲ್ಪ ಹೆಚ್ಚು ಹಲ್ಲು ಕಡಿಯುತ್ತಿದ್ದೆ.

ನನಗೆ ಬೇಕಾದದ್ದು ಅವನ ಬೆರಳು. ಅವಳು ತೆಗೆದುಕೊಂಡದ್ದು ಅವನ ಮಾತು. ಬಹಳ ದಿನ ನನಗೆ ಅದು ಸಾಲದೆನಿಸಿತ್ತು. ಆಮೇಲೆ ತಿಳಿಯಿತು, ಬೆರಳು ಹೋಗಿದ್ದರೆ ಊರು ಅವನನ್ನು ಪಾಪ ಎನ್ನುತ್ತಿತ್ತು, ನನ್ನನ್ನು ಮತ್ತೆ ಬಲಿ ಬೇಡುವ ಮೋಟರು ಎನ್ನುತ್ತಿತ್ತು, ಅವಳು ಕೆಲಸಗೇಡಿಯಾಗಿಯೇ ಉಳಿಯುತ್ತಿದ್ದಳು. ಸೇಡಿನ ವಿಷಯದಲ್ಲಿ ನಾನಿನ್ನೂ ಅಂಬೆಗಾಲಿನ ಕೂಸು.

ಈಗ ನಾನು ಬೆಂಚಿನ ಕೆಳಗೆ, ಗೋಣಿಚೀಲ ಹೊದ್ದು ಕೂತಿದ್ದೇನೆ. ನನ್ನ ಬೇರಿಂಗು ಸವೆದಿದೆ. ನನ್ನ ಜಾಗದಲ್ಲಿ ಕಡಿಮೆ ಕರೆಂಟು ತಿನ್ನುವ ಸಣ್ಣ ಮೋಟರು ತಿರುಗುತ್ತಿದೆ. ಕೆಲವರ ಮನೆಯಲ್ಲೇ ಪೆಟ್ಟಿಗೆಯಂಥ ಪುಟ್ಟ ಗಿರಣಿ ಬಂದಿದೆಯಂತೆ, ಗುಂಡಿ ಒತ್ತಿದರೆ ಹಿಟ್ಟು. ಹಾಗಾಗಿ ಕಟ್ಟೆಯ ಮೇಲಿನ ಮಾತು ಕಡಿಮೆಯಾಗಿದೆ. ಗುಜರಿಯವರು ಬಂದು ನನ್ನನ್ನು ಎರಡು ಸಲ ಕೇಳಿದರು. ಫಕೀರವ್ವ ಕೊಡಲಿಲ್ಲ. ಅವಳಿಗೂ ತಲೆ ನರೆತಿದೆ.

ಗುರುಪಾದಪ್ಪ ಸತ್ತದ್ದು ನಾನು ಈ ಮೂಲೆ ಸೇರುವ ಹಿಂದಿನ ವರ್ಷ. ಬೆಳಗಿನ ಹೊತ್ತು, ಸಾಲು ಉದ್ದಕ್ಕಿತ್ತು, ಕಲ್ಲು ತುಂಬಾ ಜೋಳವಿತ್ತು. ಸುದ್ದಿ ಬಂದ ಕೂಡಲೇ ಫಕೀರವ್ವ ಕೆಂಪು ಗುಂಡಿ ಒತ್ತಿದಳು. ಬಾಗಿಲು ಮುಂದೆ ಮಾಡಿ ಹೊಸ್ತಿಲ ಮೇಲೆ ಕೂತಳು. ಹೆಣ ನಮ್ಮ ಬೀದಿಯಿಂದಲೇ ಹೋಗಬೇಕಿತ್ತು, ಅದು ಹೊರಡುವಷ್ಟರಲ್ಲಿ ಮಧ್ಯಾಹ್ನವಾಯಿತು. ಅಷ್ಟೂ ಹೊತ್ತು ಹೆಂಗಸರು ಖಾಲಿ ಕೈಯಲ್ಲಿ ಕಾದರು.

ಬಸಲಿಂಗವ್ವನಿಗೆ ತಡೆಯಲಾಗಲಿಲ್ಲ. "ಅಂಥಾ ಮನಿಶಾನ ಸಲುವಾಗಿ ಗಿರಣಿ ನಿಂದ್ರಸೀಯಲ್ಲ ತಂಗೀ?"

ಬಾಜಾದ ಸದ್ದು ತಿರುವಿನಲ್ಲಿ ಕೇಳುತ್ತಿತ್ತು. ಫಕೀರವ್ವ ಎದ್ದು, ಸೆರಗನ್ನು ಸರಿಯಾಗಿ ಹೊದ್ದುಕೊಂಡು, ಬೀದಿಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು.

"ಅಂವ ನನ್ನ ಕೈ ಸಲುವಾಗಿ ಒಂದ ಗಳಿಗಿ ನಿಂದ್ರಸಲಿಲ್ಲ. ನಾ ಅಂವನ ಹೆಣದ ಸಲುವಾಗಿ ಅರ್ಧಾ ದಿನಾ ನಿಂದ್ರಸೇನಿ. ಊರ ನೋಡ್ಲಿ."

ಹೆಣ ಹೊತ್ತವರು ಅದನ್ನು ಕೇಳಿಸಿಕೊಂಡೇ ದಾಟಿದರು. ನಾನು ಜೀವಮಾನವಿಡೀ ತಿರುಗಿ ಕೆಲಸ ಮಾಡಿದವನು. ನಿಂತು ಮಾಡಿದ ಕೆಲಸ ಅದೊಂದೇ, ಮತ್ತು ಅಷ್ಟು ಚೆನ್ನಾಗಿ ನಾನು ಬೇರೆ ಯಾವುದನ್ನೂ ಮಾಡಲಿಲ್ಲ.